ಮೂವತ್ತೊಂದನೇ ತಾರೀಖಿನ ಟೂರು

ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಯಾರೇ ಕೆಲಸದ ಮೇಲೆ ಮುಂಬೈ ಬಿಟ್ಟು ಹೊರಗೆ ಹೋಗಬೇಕಾದರೂ ಅವರ ಅರ್ಜಿ ಮೊದಲು ನನ್ನ ಟೇಬಲ್ಲಿಗೆ ಬರಬೇಕು. ದೊಡ್ಡ ವಿಜ್ಞಾನಿಯಾದರೂ ಸರಿ, ನಿನ್ನೆ ಸೇರಿದ ವಿದ್ಯಾರ್ಥಿಯಾದರೂ ಸರಿ. ಎಲ್ಲಿಗೆ, ಯಾಕೆ, ಹೊರಡುವುದು ಯಾವತ್ತು, ಮರಳುವುದು ಯಾವತ್ತು, ವಿಭಾಗದ ಮುಖ್ಯಸ್ಥರ ಸಹಿ ಬಿದ್ದಿದೆಯೇ ಎಂದು ನೋಡಿ, ಎಲ್ಲ ಸರಿಯಿದ್ದರೆ ‘ಮಂಜೂರಾತಿಗಾಗಿ ಮಂಡಿಸಿದೆ’ ಎಂದು ಟಿಪ್ಪಣಿ ಹಾಳೆಯಲ್ಲಿ ಬರೆದು ಮೇಲೆ ಕಳಿಸುವುದು ನನ್ನ ಕೆಲಸ. ಹದಿನೇಳು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಇಷ್ಟು ಜನರನ್ನು ಊರೂರಿಗೆ ಕಳಿಸಿದ ನಾನು ಮಾತ್ರ ಒಮ್ಮೆಯೂ ಟೂರಿಗೆ ಹೋದವಳಲ್ಲ. ಹಾಗೆ ಹೋಗಬೇಕಾಗಿ ಬಂದರೆ ನನ್ನ ಅರ್ಜಿಯನ್ನು ನಾನೇ ಪರಿಶೀಲಿಸಬಹುದೋ ಇಲ್ಲವೋ ಎಂದು ಒಂದು ಮಧ್ಯಾಹ್ನವೆಲ್ಲ ಯೋಚಿಸಿ, ತಲೆ ಕೆಟ್ಟು, ಹೋಗದಿರುವುದೇ ವಾಸಿ ಎಂದು ಬಿಟ್ಟುಬಿಟ್ಟೆ.

ನನ್ನ ಸ್ವಭಾವವೇ ಇಂಥದ್ದು. ನಮ್ಮ ಮನೆ ವಿಕ್ರೋಳಿಯಲ್ಲಿ. ಫಾಸ್ಟ್ ಲೋಕಲ್ ವಿಕ್ರೋಳಿಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಅಲ್ಲಿಯ ಬೆಕ್ಕಿಗೂ ಗೊತ್ತು. ಆದರೂ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬಂದು ನಿಂತ ಮೇಲೆ, ಬಾಗಿಲಲ್ಲಿ ಜೋತುಬಿದ್ದ ಹೆಂಗಸನ್ನು ‘ಸ್ಲೋ ಹೈ ನಾ?’ ಎಂದು ಕೇಳಿಯೇ ಹತ್ತುತ್ತೇನೆ. ‘ರುಕೀ ಹೈ ನಾ, ಆಂಟಿ?’ ಎಂದು ಅವರು ಕೈಹಿಡಿದು ಒಳಗೆಳೆದುಕೊಳ್ಳುತ್ತಾರೆ. ನಿಂತಿದೆ, ನಿಜ. ಆದರೆ ತಪ್ಪಿ ನಿಂತಿದ್ದರೆ? ನನ್ನ ಗಂಡ ಧಾರವಾಡದವರು, ನಾನೂ ಧಾರವಾಡದವಳೇ. ಅವರು ಹೇಳುವುದು ಇಷ್ಟೇ: “ದಿನಕ್ಕ ನಾಕ್ ಪ್ರಶ್ನಿ ಕೇಳಲಿಲ್ಲಂದ್ರ ನಿನಗ ಊಟ ಪಚನ ಆಗೂದಿಲ್ಲ ನೋಡು.”

ಆ ವರ್ಷ ನನ್ನ ಟೇಬಲ್ಲಿಗೆ ಬಂದ ಅರ್ಜಿಗಳಲ್ಲಿ ಒಂದು ನಮ್ಮ ಗಾಜಿನ ವರ್ಕ್‌ಶಾಪಿನವರದು. ಪ್ರಯೋಗಾಲಯಗಳಿಗೆ ಬೇಕಾದ ವಿಚಿತ್ರ ಆಕಾರದ ಗಾಜಿನ ಸಾಮಾನುಗಳನ್ನು ಬೆಂಕಿಯ ಮುಂದೆ ಕೂತು ಊದಿ, ಬಗ್ಗಿಸಿ, ಜೋಡಿಸಿ ಕೊಡುವವರು ಅವರು. ಉಡುಪಿ ಕಡೆಯವರು. ಹರೆಯದಲ್ಲಿ ಬೈಕುಲ್ಲಾದ ಸಣ್ಣದೊಂದು ಕಾರ್ಖಾನೆಯಲ್ಲಿ ಹೊಟೇಲುಗಳ ಬಣ್ಣದ ದೀಪದ ಬೋರ್ಡುಗಳಿಗೆ ಗಾಜಿನ ನಳಿಗೆ ಬಗ್ಗಿಸುತ್ತಿದ್ದರಂತೆ. ಅಲ್ಲಿಂದ ನಮ್ಮಲ್ಲಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಅವರ ವರ್ಕ್‌ಶಾಪಿನಲ್ಲಿ ಅವರೊಬ್ಬರೇ. ಅವರ ನಂತರ ಆ ಹುದ್ದೆಗೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವೆಂದು ಆಗಲೇ ತೀರ್ಮಾನವಾಗಿತ್ತು. ಗಾಜಿನ ಸಾಮಾನು ಈಗ ಹೊರಗಿನಿಂದ ತರಿಸಬಹುದು.

ಅಂಥವರಿಗೆ ಕೋಲ್ಕತ್ತಾದ ಒಂದು ಸಂಸ್ಥೆಯಿಂದ ಕರೆ ಬಂದಿತ್ತು. ಅಲ್ಲಿ ಏಳು ಜನ ಹೊಸ ತಂತ್ರಜ್ಞರಿದ್ದಾರೆ, ಕಲಿಸುವವರಿಲ್ಲ, ಮೂರು ದಿನ ಬಂದು ಕಲಿಸಿಕೊಡಿ ಎಂದು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಮೊದಲೆರಡು ದಿನ ಇವರು ಮಾಡಿ ತೋರಿಸುವುದು, ಮೂರನೆಯ ದಿನ ಅವರ ಕೈಯಿಂದ ಮಾಡಿಸುವುದು. ಒಂದನೇ ತಾರೀಖು ಬೆಳಿಗ್ಗೆ ವಾಪಸು.

ಅರ್ಜಿಯನ್ನು ಪ್ಯೂನನ ಕೈಯಲ್ಲಿ ಕಳಿಸದೆ ಸ್ವತಃ ತಂದುಕೊಟ್ಟರು. ಕೂತುಕೊಳ್ಳಿ ಎಂದರೆ ಕೂರುವವರಲ್ಲ.

“ಇದು ನನ್ನ ಮೊದಲ ಟೂರು ಮೇಡಂ. ಕಡೇದೂ ಇದೇ. ಇಷ್ಟು ವರ್ಷ ಯಾರೂ ಕರೀಲೇ ಇಲ್ಲ, ಈಗ ಹೋಗುವ ಹೊತ್ತಿಗೆ ಕರೀತಾ ಇದ್ದಾರೆ.”

“ವಿಮಾನದಾಗ ಹೋಗಿರೇನ್ರಿ ಅಣ್ಣಾರ, ಹಿಂದೆ ಎಂದರ?”

“ಎಂತ ವಿಮಾನ! ನಮ್ಮದು ಸಾಂತಾಕ್ರೂಜಿನ ಚಾಳು. ದಿನಕ್ಕೆ ನೂರು ವಿಮಾನದ ಹೊಟ್ಟೆ ನೋಡ್ತೇವೆ. ಒಳಗೆ ಎಂತ ಉಂಟು ಅಂತ ಯಾರು ತೋರಿಸ್ತಾರೆ?” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ವಿಮಾನ ಬಿಡಿ. ಆ ಏಳು ಮಂದಿಯಲ್ಲಿ ಒಬ್ಬರ ಕೈಗಾದ್ರೂ ಇದು ಹತ್ತಿದ್ರೆ ಸಾಕು. ಇಲ್ಲಿ ನನ್ನ ರೂಮಿಗೆ ಬೀಗ ಬೀಳ್ತದಲ್ಲ,” ಎಂದರು.

ಅರ್ಜಿಯಲ್ಲಿ ಎಲ್ಲ ಸರಿಯಿತ್ತು. ಮುಖ್ಯಸ್ಥರ ಸಹಿ, ಕರೆಯ ಪತ್ರ, ದಿನಾಂಕ, ಎಲ್ಲ. ಪೆನ್ನು ಎತ್ತಿ ‘ಮಂಜೂರಾತಿಗಾಗಿ’ ಎಂದು ಬರೆಯಬೇಕು, ಅಷ್ಟೇ. ಅಷ್ಟರಲ್ಲಿ ನೀರಿನ ಬಾಟಲಿ ತುಂಬಿಸಲು ಎದ್ದೆ. ಕೂಲರಿನ ಪಕ್ಕದ ಬೋರ್ಡಿನಲ್ಲಿ ಆ ತಿಂಗಳು ನಿವೃತ್ತರಾಗುವವರ ಪಟ್ಟಿ ಹಚ್ಚಿದ್ದರು. ಇಬ್ಬರದೇ ಹೆಸರು. ಅದರಲ್ಲಿ ಇವರದೊಂದು.

ಮೂವತ್ತೊಂದನೇ ತಾರೀಖು ಸಂಜೆ ಐದೂವರೆಗೆ ಇವರ ನೌಕರಿ ಮುಗಿಯುತ್ತದೆ. ಒಂದನೇ ತಾರೀಖು ಬೆಳಿಗ್ಗೆ ಕೋಲ್ಕತ್ತಾದಿಂದ ವಿಮಾನ ಹತ್ತುವವರು ಯಾರು? ಹೋಗುವಾಗ ನಮ್ಮ ನೌಕರರು. ಬರುವಾಗ? ಅವತ್ತು ರಾತ್ರಿಯೇ ಹೊರಟರೂ ಪ್ರಶ್ನೆ ಅಲ್ಲೇ ನಿಲ್ಲುತ್ತದೆ, ಯಾಕೆಂದರೆ ಶಿಬಿರ ಮುಗಿಯುವುದೇ ಸಂಜೆ ಆರಕ್ಕೆ. ಬಾಟಲಿ ತುಂಬಿ ನೀರು ನನ್ನ ಕಾಲ ಮೇಲೆ ಹರಿಯುತ್ತಿತ್ತು.

ಆ ಕ್ಷಣ ನನಗೆ ನಿಜಕ್ಕೂ ಅವರ ಕಾಳಜಿಯೇ ಇತ್ತು ಎಂದು ಹೇಳಿಕೊಳ್ಳಲು ಇಷ್ಟಪಡುತ್ತೇನೆ. ದಾರಿಯಲ್ಲಿ ಏನಾದರೂ ಆದರೆ, ವಿಮಾನ ತಪ್ಪಿದರೆ, ಕಾಲು ಜಾರಿದರೆ, ‘ಇವರು ನಮ್ಮವರಲ್ಲ’ ಎಂದು ಯಾರಾದರೂ ಕೈ ಎತ್ತಿದರೆ? ಹೀಗೆ ನಾಲ್ಕೈದು ದುರಂತಗಳನ್ನು ಕಲ್ಪಿಸಿಕೊಂಡು, ಟೇಬಲ್ಲಿಗೆ ಬಂದು, ಟಿಪ್ಪಣಿ ಹಾಳೆಯಲ್ಲಿ ಬರೆದೆ. ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗೆ: ‘ಸದರಿಯವರು ಮೂವತ್ತೊಂದನೇ ತಾರೀಖಿನ ಸಂಜೆ ಸೇವೆಯಿಂದ ನಿವೃತ್ತರಾಗುತ್ತಾರೆ. ಮರುಪ್ರಯಾಣದ ದಿನ ಅವರನ್ನು ಸಂಸ್ಥೆಯ ನೌಕರರೆಂದು ಪರಿಗಣಿಸಬಹುದೇ? ಮಾರ್ಗದರ್ಶನ ಕೋರಿದೆ.’ ಬರೆದು ಮುಗಿಸಿದಾಗ ಬಹಳ ಹಗುರವೆನಿಸಿತು. ಪ್ರಶ್ನೆ ಈಗ ನನ್ನದಲ್ಲ, ಫೈಲಿನದು.

ಫೈಲು ಸಿಬ್ಬಂದಿ ವಿಭಾಗಕ್ಕೆ ಹೋಯಿತು. ನಾಲ್ಕು ದಿನದ ಮೇಲೆ ಅವರು ಬರೆದರು: ಇದು ಟೂರಿನ ವಿಷಯ, ಟೂರಿನವರೇ ನೋಡಲಿ, ಆದರೆ ನಿವೃತ್ತಿಯ ದಿನ ಸದರಿಯವರು ಊರಿನಲ್ಲಿಲ್ಲದಿದ್ದರೆ ವರ್ಕ್‌ಶಾಪಿನ ಸಾಮಾನುಗಳನ್ನು ಯಾರಿಗೆ ಒಪ್ಪಿಸುತ್ತಾರೆ? ಫೈಲು ಉಗ್ರಾಣಕ್ಕೆ ಹೋಯಿತು. ಅವರು ಬರೆದರು: ಒಪ್ಪಿಸಿಕೊಳ್ಳಲು ಅವರ ಜಾಗಕ್ಕೆ ಯಾರೂ ಬರುವುದಿಲ್ಲ, ಇಲ್ಲದ ಮನುಷ್ಯನಿಗೆ ಒಪ್ಪಿಸುವುದು ಹೇಗೆಂದು ತಿಳಿಸಬೇಕು. ಅಲ್ಲಿಂದ ಆಡಳಿತ ಕಚೇರಿ. ಅವರ ಸಂಶಯ ಇನ್ನೂ ಹೊಸದು: ನಿವೃತ್ತರಾಗುವವರು ವಿದಾಯ ಸಮಾರಂಭದಲ್ಲಿ ಹಾಜರಿರಬೇಕೆಂಬುದು ನಿಯಮವೋ ಬರೀ ರೂಢಿಯೋ?

ಇದರಲ್ಲಿ ಗೊಂದಲದ ಸಂಗತಿಯೆಂದರೆ, ಪ್ರತಿಯೊಂದು ಪ್ರಶ್ನೆಯೂ ನನಗೆ ಸರಿಯೆಂದೇ ಕಂಡಿತು. ನಿಜವಲ್ಲವೇ, ಇಲ್ಲದವರಿಗೆ ಒಪ್ಪಿಸುವುದು ಹೇಗೆ? ರಾತ್ರಿ ಅನ್ನಕ್ಕಿಟ್ಟು ಅದನ್ನೇ ಯೋಚಿಸುತ್ತ ನಿಂತೆ. ಕುಕ್ಕರು ಎಷ್ಟು ಸಲ ಕೂಗಿತೆಂಬ ಲೆಕ್ಕ ತಪ್ಪಿ ಅವತ್ತು ಅನ್ನ ಗಂಜಿಯಾಯಿತು.

ಗಾಜಿನ ವರ್ಕ್‌ಶಾಪಿನವರು ದಿನಾ ಚಹಾದ ಹೊತ್ತಿಗೆ ಬರುತ್ತಿದ್ದರು. ಕೈಯಲ್ಲಿ ಗಾಜಿನ ಗ್ಲಾಸು, ಅದೂ ಅವರೇ ಊದಿದ್ದು.

“ಮೇಡಂ, ಫೈಲು ಎಲ್ಲಿಗೆ ಮುಟ್ಟಿತು?”

“ಆಡಳಿತ ಕಚೇರಿಗೆ ಹೋಗ್ಯದ್ರಿ.”

“ನಿನ್ನೆ ಉಗ್ರಾಣದಲ್ಲಿ ಇತ್ತಲ್ಲ! ನನಗಿಂತ ಮೊದಲು ಅದೇ ಟೂರು ಮಾಡ್ತಾ ಉಂಟು ಮಾರಾಯ್ರೆ. ವಾಪಸು ಬರುವಾಗ ಅದಾದ್ರೂ ಸರ್ವಿಸಿನಲ್ಲಿ ಇರ್ತದಾ?”

ನಾನು ನಕ್ಕೆ. ನಗಬಾರದಿತ್ತು. ಯಾಕೆಂದರೆ ಮೊದಲ ಪ್ರಶ್ನೆ ಎಲ್ಲಿಂದ ಹುಟ್ಟಿತೆಂಬುದು ಅವರಿಗೆ ಇನ್ನೂ ತಿಳಿದಿರಲಿಲ್ಲ. ಮೇಲಿನ ಯಾರೋ ದೊಡ್ಡವರು ಅಡ್ಡಗಾಲು ಹಾಕಿದ್ದಾರೆಂದೇ ಅವರು ಅಂದುಕೊಂಡಿದ್ದರು.

ಹೊರಡಲು ಆರು ದಿನ ಉಳಿದಿರುವಾಗ ಫೈಲು ನಮ್ಮ ಸೆಕ್ಷನ್ ಆಫೀಸರ ಟೇಬಲ್ಲಿಗೆ ತಿರುಗಿ ಬಂತು. ಅವರು ಸೋಲಾಪುರದವರು. ಮನೆಮಾತು ಮರಾಠಿ, ಸಿಟ್ಟು ಬಂದಾಗ ನನ್ನ ಜೊತೆ ಕನ್ನಡ. ಮೇಡಂ ಅನ್ನದೆ ಮರಾಠಿಯ ಹಾಗೆ ‘ಬಾಯಿ’ ಎನ್ನುತ್ತಾರೆ. ಒಂದು ಪುಟದ ಟಿಪ್ಪಣಿ ಏಳು ಪುಟ ಆದದ್ದನ್ನು ನೋಡಿ ನನ್ನನ್ನು ಕರೆದರು.

“ಬಾಯಿ, ಈ ಪ್ರಶ್ನಿ ಮೊದಲ ಹುಟ್ಟಿಸಿದವ್ರು ಯಾರ್ರಿ?”

“ನಾನ ರೀ ಸರ್.”

“ಯಾರರ ಕೇಳಿದ್ರೇನು ನಿಮಗ?”

“ಇಲ್ರಿ. ಆದ್ರ ಕೆಳಗ ನಿಮ್ಮ ಸಹಿನೂ ಅದ ರೀ.”

“ಐತಿ. ನಿಮ್ಮ ಮ್ಯಾಲೆ ಭರೋಸಾ ಐತಿ ಅಂತ ಓದಲಾರ್ದ ಮಾಡೀನಿ. ನೀವು ಬರೀಲಿಲ್ಲಂದ್ರ ಎಲ್ಲಾರೂ ಹಂಗ ಮಾಡ್ತಿದ್ರು. ಅಂವ ಸುಮ್ನ ಹೋಗಿ ಸುಮ್ನ ಬರ್ತಿದ್ದ. ಈಗ ಮೂರು ಡಿಪಾರ್ಟ್‌ಮೆಂಟ್ ಕೂಡಿ ಅವನ ರಿಟೈರ್‌ಮೆಂಟಿನ ಮ್ಯಾಲ ಸಂಶೋಧನ ನಡಿಸ್ಯಾವ. ಸಂಶೋಧನಾ ಸಂಸ್ಥಾ ಅಲ್ಲೇನು!”

ಆ ಹಾಳೆಯನ್ನು ತೆಗೆದುಬಿಡಬಹುದೇ ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು. ಟಿಪ್ಪಣಿ ಹಾಳೆಗೆ ಪುಟ ಸಂಖ್ಯೆ ಹಾಕಿರುತ್ತದೆ. ಒಮ್ಮೆ ಬರೆದ ಪ್ರಶ್ನೆಯನ್ನು ಹರಿಯುವಂತಿಲ್ಲ, ಅದರ ಮೇಲೆ ಇನ್ನೊಂದು ಬರೆಯಬಹುದು ಅಷ್ಟೇ. ಪುಟ ಸಂಖ್ಯೆ ಹಾಕಿದವಳೂ ನಾನೇ.

ಅವತ್ತು ಮಧ್ಯಾಹ್ನ ಗಾಜಿನ ವರ್ಕ್‌ಶಾಪಿಗೆ ಹೋದೆ. ನೆಲಮಹಡಿಯ ಕೊನೆಯ ಕೋಣೆ. ಎರಡು ನಳಿಗೆಗಳನ್ನು ಎರಡು ಕೈಯಲ್ಲಿ ಹಿಡಿದು, ನೀಲಿ ಬೆಂಕಿಯ ಮೇಲೆ ತಿರುಗಿಸುತ್ತ ಕೂತಿದ್ದರು. ಬಾಯಲ್ಲಿ ಸಣ್ಣ ರಬ್ಬರ್ ನಳಿಗೆ. ನನ್ನನ್ನು ನೋಡಿ ಕಣ್ಣಿನಲ್ಲೇ ಸ್ಟೂಲು ತೋರಿಸಿದರು. ಕೆಲಸ ಮುಗಿಯುವ ತನಕ ಮಾತಾಡುವ ಹಾಗಿಲ್ಲ. ಅದು ನನಗೆ ಇನ್ನಷ್ಟು ಹಿಂಸೆಯಾಯಿತು. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಐದು ಸಲ ಬೇರೆಬೇರೆಯಾಗಿ ಹೇಳಿಕೊಂಡೆ. ಕೊನೆಗೆ ಅವರು ಗಾಜನ್ನು ಕಲ್ನಾರಿನ ಹಾಳೆಯ ಮೇಲೆ ಇಟ್ಟು ಬಾಯಿಯ ನಳಿಗೆ ತೆಗೆದ ಕೂಡಲೇ ಒಂದೇ ಉಸಿರಿನಲ್ಲಿ ಅಂದುಬಿಟ್ಟೆ:

“ಅಣ್ಣಾರ, ಆ ಪ್ರಶ್ನೆ ಬರದಾಕಿ ನಾನ ರೀ.”

“ಯಾವುದು?”

“ವಾಪಸು ಬರೂ ಮುಂದ ನೀವು ನೌಕರರು ಹೌದೋ ಅಲ್ಲೋ ಅನ್ನೂದು.”

ಅವರು ಬೆಂಕಿಯನ್ನು ಸಣ್ಣ ಮಾಡಿದರು.

“ನೀವಾ? ನೀವು ಬರೀದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?”

“ಇಲ್ರಿ.”

“ಮತ್ತೆ ಎಂತಕ್ಕೆ ಬರೆದ್ರಿ?”

ನಿಮ್ಮ ಒಳ್ಳೆಯದಕ್ಕೆ ಎಂದರೆ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನನ್ನ ತಲೆಯ ಭಾರ ಇಳಿಸಲು ಎಂದರೆ ಹೇಳಲು ನಾಚಿಕೆ. “ಹಂಗ ಅನಸ್ತು, ಬರದೆ,” ಎಂದೆ.

“ನಿಮಗೆ ಸುಮ್ಮನೆ ಮಂಡೆಬಿಸಿ,” ಎಂದರು. ಕೋಪದಿಂದಲೋ ಕನಿಕರದಿಂದಲೋ ನನಗೆ ತಿಳಿಯಲಿಲ್ಲ. ಆಮೇಲೆ ಮತ್ತೊಂದು ನಳಿಗೆ ಕೈಗೆತ್ತಿಕೊಂಡು ರಬ್ಬರನ್ನು ಬಾಯಿಗಿಟ್ಟರು. ಮಾತು ಮುಗಿಯಿತು ಎಂದು ಅರ್ಥ. ಮರುದಿನ ಚಹಾದ ಹೊತ್ತಿಗೆ ಅವರು ಬರಲಿಲ್ಲ.

ಮೂರು ದಿನ ಉಳಿದಾಗ ನಿರ್ದೇಶಕರ ಆದೇಶ ಬಂತು. ಎಲ್ಲರ ಪ್ರಶ್ನೆಗೂ ಒಂದೇ ಏಟಿಗೆ ಉತ್ತರ: ಇಪ್ಪತ್ತೊಂಬತ್ತು ಮತ್ತು ಮೂವತ್ತು, ಎರಡು ದಿನಕ್ಕೆ ಮಂಜೂರು. ಮೂವತ್ತರ ಸಂಜೆಯ ವಿಮಾನದಲ್ಲಿ ಮರಳಿ, ಮೂವತ್ತೊಂದಕ್ಕೆ ಇಲ್ಲಿ ಹಾಜರಿರಬೇಕು. ನೌಕರರಾಗಿಯೇ ಹೋಗಿ ನೌಕರರಾಗಿಯೇ ಬರುತ್ತಾರೆ. ಇದಕ್ಕಿಂತ ನ್ಯಾಯವಾದ ತೀರ್ಮಾನ ಇರಲಾರದು. ಆದೇಶ ಟೈಪು ಮಾಡುವಾಗ ಮಾತ್ರ ‘ಎರಡು ದಿನ’ ಎಂಬಲ್ಲಿ ಮೂರು ಸಲ ತಪ್ಪು ಹೊಡೆದೆ.

ಆದೇಶವನ್ನು ವರ್ಕ್‌ಶಾಪಿಗೆ ಒಯ್ದು ಕೊಟ್ಟೆ. ಅವರು ಓದಿದರು, ಮಡಚಿ ಕಿಸೆಗಿಟ್ಟರು. “ಆ ಮೂರನೇ ದಿನಕ್ಕೋಸ್ಕರವೇ ಅಲ್ವಾ ಮೇಡಂ ನಾನು ಹೋಗುವುದು,” ಎಂದರು. “ಮೊದಲೆರಡು ದಿನ ನಾನು ಮಾಡುವುದು, ಅವರು ನೋಡುವುದು. ನೋಡಿ ಯಾರಿಗೆ ಬರ್ತದೆ ಇದು?” ವರ್ಕ್‌ಶಾಪಿನ ಚಾವಿಯನ್ನು ತಮ್ಮ ಮುಖ್ಯಸ್ಥರ ಕಚೇರಿಯಲ್ಲಿ ಕೊಟ್ಟು, ನಿವೃತ್ತಿಯ ಕಾಗದಗಳಿಗೆಲ್ಲ ಮುಂಚೆಯೇ ಸಹಿ ಮಾಡಿ ಹೊರಟುಹೋದರು.

ಮೂವತ್ತನೇ ತಾರೀಖು ಊಟದ ಡಬ್ಬಿ ತೊಳೆದು ಬಂದು ಕೂತಿದ್ದೆ. ಟೇಬಲ್ಲಿನ ಫೋನು ಹೊಡೆಯಿತು.

“ಮೇಡಂ, ನಾನು. ಕೋಲ್ಕತ್ತಾದಿಂದ.”

ಕೈ ಸುಟ್ಟಿತೇ, ಪರ್ಸು ಹೋಯಿತೇ, ಜ್ವರವೇ?

“ಎಂತ ಆಗ್ಲಿಲ್ಲ, ಹೆದರ್ಬೇಡಿ. ಎರಡೇ ದಿನ ಅಲ್ವಾ ಅಂತ ನಿನ್ನೆಯಿಂದಲೇ ಅವರ ಕೈಗೆ ಗಾಜು ಕೊಟ್ಟೆ. ಇಲ್ಲಿ ಒಬ್ಬಳು ಹುಡುಗಿ ಉಂಟು. ನಿನ್ನೆ ಎಲ್ಲ ಒಡೆದು ಹಾಕಿದಳು. ಇವತ್ತು ಬೆಳಿಗ್ಗೆಯಿಂದ ಅವಳ ಕೈ ತಿರುಗ್ತಾ ಉಂಟು. ಎರಡೂ ಕೈ ಒಂದೇ ಸಮ ತಿರುಗ್ಬೇಕು ಮೇಡಂ, ಒಂದು ಕೂದಲಷ್ಟು ಹಿಂದೆಮುಂದೆ ಆದ್ರೆ ಗಾಜು ತಿರುಚ್ತದೆ. ನನಗೆ ಅದು ಬರ್ಲಿಕ್ಕೆ ಎರಡು ವರ್ಷ ಹಿಡೀತು. ನಾಳೆ ಒಂದು ದಿನ ಸಿಕ್ಕಿದ್ರೆ ಅವಳ ಕೈಯಲ್ಲಿ ಒಂದು ಟೀ ಜೋಡಣೆ ಮಾಡಿಸಿಬಿಡ್ತೇನೆ. ನಳಿಗೆಯ ನಡುವಿಗೆ ಇನ್ನೊಂದು ನಳಿಗೆ ಕೂರಿಸುವುದು. ಅದು ಬಂದ್ರೆ ಎಲ್ಲ ಬಂದ ಹಾಗೆ. ನೀವು ಬೇಡ ಅಂದ್ರೆ ಈಗಲೇ ಏರ್‌ಪೋರ್ಟಿಗೆ ಹೊರಡ್ತೇನೆ.”

‘ಕೇಳಿ ಹೇಳ್ತೀನ್ರಿ’ ಎಂಬುದು ಹದಿನೇಳು ವರ್ಷಗಳಿಂದ ನನ್ನ ಬಾಯಲ್ಲಿ ತಾನಾಗಿ ಬರುವ ಮಾತು. ಅವತ್ತೂ ‘ಕೇಳಿ’ ಎಂಬಷ್ಟು ಬಂತು. ಕೇಳುವುದು ಯಾರನ್ನು? ಕೇಳಿದರೆ ಇನ್ನೊಂದು ಹಾಳೆ, ಇನ್ನೊಂದು ಪುಟ ಸಂಖ್ಯೆ. ನುಂಗಿಕೊಂಡೆ.

“ನಿಮ್ಮ ಸಿ.ಎಲ್. ಉಳದಾವೇನ್ರಿ?”

“ನಾನು ರಜೆ ಹಾಕಿದ್ದೇ ಕಮ್ಮಿ. ಬೇಕಾದಷ್ಟು ಉಂಟು.”

“ಹಂಗಿದ್ರ ನಾಳೆ ಒಂದ ದಿನ ರಜಾ ಹಾಕ್ರಿ. ನಿಮ್ಮ ವಿಭಾಗದ ಸಾಹೇಬ್ರಿಗೆ ಫೋನ್ ಮಾಡಿ ಕೇಳ್ರಿ, ಅವರು ಹೂಂ ಅಂದ್ರ ಮುಗೀತು. ಅದು ನನ್ನ ಟೇಬಲ್ಲಿಗೆ ಬರೂದ ಇಲ್ಲ.”

“ಸರ್ವಿಸಿನ ಕಡೇ ದಿನ ರಜೆಯಾ? ಹಾಗೆ ಹಾಕಬಹುದಾ?”

“ಹಾಕಬಹುದ್ರಿ,” ಎಂದೆ.

ಹಾಕಬಹುದೋ ಇಲ್ಲವೋ ನನಗೆ ಆಣೆಗೂ ಗೊತ್ತಿರಲಿಲ್ಲ. ಫೋನಿಟ್ಟು ಡ್ರಾಯರಿನಿಂದ ನಿಯಮಗಳ ಪುಸ್ತಕ ತೆಗೆದೆ. ರಜೆಯ ಅಧ್ಯಾಯದ ತನಕ ಹೋದೆ. ಬೆರಳು ಇಟ್ಟುಕೊಂಡೇ ಸ್ವಲ್ಪ ಹೊತ್ತು ಕೂತೆ. ಆಮೇಲೆ ಓದದೆ ಮುಚ್ಚಿಬಿಟ್ಟೆ. ಹತ್ತು ನಿಮಿಷದಲ್ಲಿ ಅವರ ಮೆಸೇಜು ಬಂತು: ಸಾಹೇಬರು ಹೂಂ ಅಂದರು, ಟಿಕೆಟ್ ಮಗ ಬದಲಿಸುತ್ತಾನೆ. ಮೂರು ವಿಭಾಗ, ಏಳು ಪುಟ, ಹನ್ನೆರಡು ದಿನ ತಿಂದ ವಿಷಯ ಒಂದು ಹೂಂನಲ್ಲಿ ಮುಗಿದದ್ದು ಹೇಗೆಂದು ನನಗೆ ಈಗಲೂ ಸರಿಯಾಗಿ ಅರ್ಥವಾಗಿಲ್ಲ.

ಮರುದಿನ ನಾಲ್ಕು ಗಂಟೆಗೆ ವಿದಾಯ ಸಮಾರಂಭ. ನಮ್ಮಲ್ಲಿ ತಿಂಗಳ ಕೊನೆಯ ದಿನ ನಿವೃತ್ತರನ್ನು ಸಾಲಾಗಿ ಕೂರಿಸಿ ಶಾಲು, ತೆಂಗಿನಕಾಯಿ ಕೊಟ್ಟು ಫೋಟೋ ತೆಗೆಯುತ್ತಾರೆ. ಎರಡು ಕುರ್ಚಿ ಹಾಕಿದ್ದರು. ಒಂದು ಖಾಲಿ. ಫೋಟೋ ತೆಗೆಯುವವನಿಗೆ ಖಾಲಿ ಕುರ್ಚಿ ಹಿಡಿಸಲಿಲ್ಲ. ಸೆಕ್ಷನ್ ಆಫೀಸರು ತಿರುಗಿ ನನ್ನನ್ನು ನೋಡಿದರು.

“ಹೋಗ್ರಿ ಬಾಯಿ, ಕೂಡ್ರಿ. ಪ್ರಶ್ನಿ ನಿಮ್ದು, ಶಾಲೂ ನೀವ ತಗೋರಿ.”

ಬೇಡವೆಂದೆ. ಎಲ್ಲರೂ ಕಾಯುತ್ತಿದ್ದರು. ಹೋಗಿ ಕೂತೆ. ನಿರ್ದೇಶಕರು ಶಾಲು ಹೊದಿಸಿ, ನನ್ನ ಮುಖವನ್ನೂ ಕೈಯಲ್ಲಿದ್ದ ಚೀಟಿಯನ್ನೂ ಎರಡೆರಡು ಸಲ ನೋಡಿ, ಕೊನೆಗೆ ಗಾಜಿನ ಕಲೆಗೆ ನಾನು ಸಲ್ಲಿಸಿದ ಸೇವೆಯನ್ನು ಹೊಗಳಿದರು. ನಾನು ಕೈ ಮುಗಿದೆ. ಇಳಿದು ಬರುವಾಗ ಲೈಬ್ರರಿಯ ಹೆಂಗಸೊಬ್ಬಳು ಕೈಹಿಡಿದು, “ಇತನೀ ಜಲ್ದೀ? ಪತಾ ಹೀ ನಹೀ ಚಲಾ!” ಎಂದು ಕಣ್ಣು ಒರೆಸಿಕೊಂಡಳು. ಇಷ್ಟು ಬೇಗ ನಿವೃತ್ತಳಾದದ್ದು ನಾನಲ್ಲ ಎಂದು ಬಿಡಿಸಿ ಹೇಳುವಷ್ಟು ನನಗೇ ಖಾತ್ರಿ ಉಳಿದಿರಲಿಲ್ಲ.

ಶಾಲನ್ನೂ ತೆಂಗಿನಕಾಯಿಯನ್ನೂ ಟೇಬಲ್ಲಿನ ಮೇಲಿಟ್ಟು ಬ್ಯಾಗು ತುಂಬಿಕೊಳ್ಳುತ್ತಿದ್ದೆ. ಗಂಟೆ ಐದೂವರೆ ದಾಟಿತ್ತು. ಫೋನು.

“ಮೇಡಂ, ಐದೂವರೆ ಆಯ್ತಲ್ಲ. ನಾನು ರಿಟೈರ್ ಆದೆನಾ?”

“ಆದ್ರಿ ಅಣ್ಣಾರ.”

ಅವರ ಹಿಂದೆ ಬೆಂಕಿಯ ಬುಸುಗುಡುವ ಸದ್ದು ಕೇಳುತ್ತಿತ್ತು.

“ಇಲ್ಲಿ ಯಾರೂ ಎದ್ದಿಲ್ಲ ಮಾರಾಯ್ರೆ. ಆ ಹುಡುಗಿ ಮೂರು ಸಲ ಒಡೆದು, ಈಗ ನಾಲ್ಕನೇ ಟೀ ಕೂರಿಸ್ತಾ ಇದ್ದಾಳೆ. ಬೆಳಿಗ್ಗೆ ನಾನು ರಜೆಯಲ್ಲಿದ್ದೆ, ಸರಿ. ಈಗ ಎಂತದರಲ್ಲಿದ್ದೇನೆ? ನಾನು ಇಲ್ಲಿಂದ ಹೊರಗೆ ಹೋಗ್ಬೇಕಾ?”

ಇದು ನಾನು ಕೇಳಬೇಕಾದ ಪ್ರಶ್ನೆ. ಇನ್ನೊಂದು ಸಂಸ್ಥೆಯ ಪ್ರಯೋಗಾಲಯ, ಉರಿಯುವ ಬೆಂಕಿ, ಯಾರ ನೌಕರನೂ ಅಲ್ಲದ ಮನುಷ್ಯ. ಆ ಹುಡುಗಿಯ ಕೈ ಸುಟ್ಟರೆ? ಇವರದೇ ಸುಟ್ಟರೆ? ನನ್ನ ತಲೆಯಲ್ಲಿ ಎಲ್ಲ ಒಟ್ಟಿಗೆ ಎದ್ದು ನಿಂತವು.

“ಬ್ಯಾಡ್ರಿ,” ಎಂದೆ. “ಮುಗಿಸೇ ಏಳ್ರಿ.”

“ಹಾಗೆ ರೂಲು ಉಂಟಾ?”

“ಗೊತ್ತಿಲ್ರಿ ಅಣ್ಣಾರ.”

ಅವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅವರ ದನಿ ಫೋನಿನಿಂದ ದೂರವಾಯಿತು. “ಹಾಥ್ ಮತ್ ರೋಕೋ! ಘುಮಾವೋ, ಘುಮಾವೋ… ಅಬ್ ಫೂಂಕೋ, ಆಹಿಸ್ತಾ…” ಕೈ ನಿಲ್ಲಿಸದೆ ತಿರುಗಿಸು, ಈಗ ಮೆಲ್ಲಗೆ ಊದು ಎಂದು ಆ ಹುಡುಗಿಗೆ ಹೇಳುತ್ತ ಫೋನನ್ನು ಅಲ್ಲೇ ಬೆಂಚಿನ ಮೇಲೆ ಇಟ್ಟುಬಿಟ್ಟಿರಬೇಕು. ನಾನೂ ಇಡಲಿಲ್ಲ. ಸ್ಟಾಫ್ ಬಸ್ಸು ಹೊರಡುತ್ತದೆ ಎಂದು ಯಾರೋ ಬಾಗಿಲಿನಿಂದ ಕೂಗಿದರು. ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದೆ. ಬೆಂಕಿಯ ಸದ್ದು ಒಂದೇ ಸಮ ಬರುತ್ತಿತ್ತು. ಏನೂ ಒಡೆದ ಸದ್ದು ಮಾತ್ರ ಬರಲಿಲ್ಲ.